ಬೇತಾಳನೂ ರಕ್ತಪಾಯಿಯೂ: ಒಂದು ಕಥಾವಂಶದ ವಿಚಾರ

ಐರ್ಲೆಂಡಿನವನಾದ ಬ್ರಾಮ್ ಸ್ಟೋಕರನು ಬರೆದು ೧೮೯೭ರ ಮೇ ತಿಂಗಳಲ್ಲಿ ಲಂಡನ್ನಿನಲ್ಲಿ ಪ್ರಕಟವಾದ 'ಡ್ರಾಕುಲ' ಎಂಬ ಕಾದಂಬರಿಯು ಲೋಕಪ್ರಸಿದ್ಧವಾದುದು. ಗೋರಿಯಿಂದ ಎದ್ದುಬಂದು ಬದುಕಿರುವವರ ರಕ್ತವನ್ನು ಹೀರಿ ಬಾಳುವ ಪ್ರೇತಕ್ಕೆ ಯೂರೋಪಿನ ಭಾಷೆಗಳಲ್ಲಿ 'ವ್ಯಾಂಪೈರ್' ಎಂದು ಹೆಸರು. ಈ ಜಾತಿಯ ಕಥೆಗಳಿಗೆಲ್ಲ ಮೂಲವು ಭರತಖಂಡವೆಂದೂ, ಇಲ್ಲಿಯ ಬೇತಾಳನೇ ದೇಶಾಂತರವನ್ನು ಸೇರಿ ಡ್ರಾಕುಲನಾದನೆಂದೂ ಹೇಳುವ ವಾಡಿಕೆಯುಂಟು. ಪಾಠಶಾಲೆಗಳಲ್ಲಿ ಕಥಾಸಾಹಿತ್ಯವನ್ನು ಬೋಧಿಸುವಾಗ ಈ ಮಾತು ಸಿದ್ಧಾಂತದಂತೆ ಬಂದುಹೋಗುವುದು. ಆಂಗ್ಲ ಭಯಾನಕ ಕಥೆಗಳ ವಿಷಯದಲ್ಲಿ ಪ್ರಮಾಣಪುರುಷರಾಗಿದ್ದ ದೇವೇಂದ್ರ ಪಿ. ವರ್ಮರು 'ವಾರ್ನಿ' ಎಂಬ ಹಳೆಯ ಕಾದಂಬರಿಯ ೧೯೭೦ರ ಪುನರ್ಮುದ್ರಣಕ್ಕೆ ಬರೆದ ಪೀಠಿಕೆಯಲ್ಲಿ ಪೂರ್ವದೇಶಮೂಲವನ್ನೇ ಎತ್ತಿಹಿಡಿದಿರುವರು. ಸ್ವದೇಶಾಭಿಮಾನಕ್ಕೆ ಹಿತವಾದ ಈ ಮಾತನ್ನು ಪ್ರಮಾಣಗಳ ಒರೆಗೆ ಹಚ್ಚಿ ನೋಡುವುದು ಆವಶ್ಯಕ. ಏಕೆಂದರೆ ಇದನ್ನು ಒಪ್ಪಿದರೆ ಬೇತಾಳಕ್ಕೆ ಕೀರ್ತಿ ಬರುವುದೋ, ಅಥವಾ ಬೇತಾಳದ ನಿಜವಾದ ಸ್ವರೂಪವೇ ಮರೆತುಹೋಗುವುದೋ ಎಂಬುದು ಸಾಹಿತ್ಯವನ್ನು ಓದಿಸುವವರು ಯೋಚಿಸತಕ್ಕ ವಿಷಯ.

ಮೊದಲು ಬೇತಾಳದ ಕಥೆ. ಕಾಶ್ಮೀರದ ಸೋಮದೇವನು ಹನ್ನೊಂದನೆಯ ಶತಮಾನದ ಉತ್ತರಾರ್ಧದಲ್ಲಿ ರಚಿಸಿದ ಕಥಾಸರಿತ್ಸಾಗರದ ಶಶಾಂಕವತೀ ಲಂಬಕದಲ್ಲಿ ಇದು ಬರುವುದು. ಗೋದಾವರೀತೀರದ ಪ್ರತಿಷ್ಠಾನದಲ್ಲಿ ತ್ರಿವಿಕ್ರಮಸೇನನೆಂಬ ಅರಸು, ಅವನಿಗೆ ದಿನದಿನವೂ ಒಂದೊಂದು ಹಣ್ಣನ್ನು ಕಾಣಿಕೆಯೊಪ್ಪಿಸುವ ಕ್ಷಾಂತಿಶೀಲನೆಂಬ ಭಿಕ್ಷು, ಹಣ್ಣಿನೊಳಗೆ ರತ್ನ. ಪ್ರತ್ಯುಪಕಾರವಾಗಿ ಕೃಷ್ಣಪಕ್ಷದ ಚತುರ್ದಶಿಯ ರಾತ್ರಿ ಶ್ಮಶಾನಕ್ಕೆ ಬಂದು ಮರದಲ್ಲಿ ತೂಗುವ ಹೆಣವನ್ನು ಹೊತ್ತು ತರಬೇಕೆಂದು ಭಿಕ್ಷುವು ಬೇಡುವನು. ಹೆಣದೊಳಗೆ ಬೇತಾಳ ಹೊಕ್ಕಿರುವುದು. ಹೆಗಲಮೇಲಿದ್ದುಕೊಂಡೇ ಅದು ಕಥೆಯನ್ನು ಹೇಳಿ, ಕಡೆಯಲ್ಲಿ ಒಂದು ಪ್ರಶ್ನೆಯನ್ನು ಹಾಕುವುದು. ಉತ್ತರ ತಿಳಿದೂ ಸುಮ್ಮನಿದ್ದರೆ ಅರಸನ ತಲೆ ಹೋಳಾಗುವುದು. ಬಾಯಿಬಿಟ್ಟರೆ ಬೇತಾಳವು ಮರಳಿ ಮರವನ್ನು ಸೇರುವುದು. ಹೀಗೆ ಮತ್ತೆ ಮತ್ತೆ ಹೊತ್ತು, ಕೊನೆಯ ಪ್ರಶ್ನೆಗೆ ಉತ್ತರ ತೋರದೆ ಅರಸನು ಮೌನವನ್ನು ತಾಳಲು, ಬೇತಾಳವು ಮೆಚ್ಚಿ, ಭಿಕ್ಷುವಿನ ವಂಚನೆಯನ್ನು ಬಯಲುಮಾಡಿ, ಅರಸನ ಪ್ರಾಣವನ್ನು ಉಳಿಸುವುದು.

ಈ ಕಥೆಗಳು ಕನ್ನಡದಲ್ಲಿ ಬೇತಾಳ ಪಂಚವಿಂಶತಿಯೆಂಬ ಹೆಸರಿನಿಂದ, ಬತ್ತೀಸ ಪುತ್ತಳಿ ಶುಕಸಪ್ತತಿಗಳ ಸಾಲಿನಲ್ಲಿ, ಮನೆಮನೆಗಳಲ್ಲಿ ಹೇಳಿಕೆಯಾದವು; ಮುಂದೆ 'ಚಂದಮಾಮ' ಪತ್ರಿಕೆಯ ಮೂಲಕ ಮಕ್ಕಳ ಕೈಗೂ ಬಂದವು. ಇವುಗಳಲ್ಲಿ ಗಮನಿಸತಕ್ಕ ಸಂಗತಿಯೊಂದುಂಟು. ಬೇತಾಳವು ಅರಸನ ರಕ್ತವನ್ನು ಕೇಳುವುದಿಲ್ಲ, ತೀರ್ಪನ್ನು ಕೇಳುವುದು. ಮೂವರು ವರರಲ್ಲಿ ಕನ್ಯೆಯು ಯಾರಿಗೆ ಸಲ್ಲತಕ್ಕವಳು, ತಲೆ ಮುಂಡಗಳು ಅದಲುಬದಲಾದರೆ ಗಂಡನು ಯಾರು ಎಂಬ ಧರ್ಮಸೂಕ್ಷ್ಮಗಳೇ ಅದರ ಆಹಾರ. ಶ್ಮಶಾನವಾಸ, ಶವಪ್ರವೇಶ ಮುಂತಾದವು ಭಯಕ್ಕೆ ಕಾರಣಗಳೇ ಆದರೂ, ಕಥೆಯ ಪರಿಣಾಮವು ಭಯದಲ್ಲಿ ನಿಲ್ಲದೆ ವಿವೇಕಕ್ಕೆ ಏರುವುದು.

ಮೈಸೂರು ಸೀಮೆಯ ವಿದ್ವಾಂಸರಿಗೆ ಈ ವಿಷಯದಲ್ಲಿ ಇನ್ನೊಂದು ಆಕರ್ಷಣೆಯೂ ಇರುವುದು. ಕಪಿಲೆಯು ನಂಜನಗೂಡನ್ನು ಬಳಸಿ ಹರಿದು ತಿರುಮಕೂಡಲಿನಲ್ಲಿ ಕಾವೇರಿಯನ್ನು ಕೂಡುವಳು. ಬಿಳಿಗೆರೆ ಮೊದಲಾದ ಹೋಬಳಿಗಳನ್ನು ಒಳಗೊಂಡ ನಂಜನಗೂಡು ತಾಲ್ಲೂಕೂ ಅದಕ್ಕೆ ಹೊಂದಿಕೊಂಡ ತಿರುಮಕೂಡಲು ನರಸೀಪುರದ ತಾಲ್ಲೂಕೂ ಗಂಗರ ನಾಡಿನ ಹೃದಯಭಾಗ. ಗಂಗರ ರಾಜಧಾನಿಯಾದ ತಲಕಾಡು ನರಸೀಪುರದ ತಾಲ್ಲೂಕಿನಲ್ಲಿಯೇ ಇರುವುದು. ಆರನೆಯ ಶತಮಾನದಲ್ಲಿ ಆಳಿದ ಗಂಗರಾಜ ದುರ್ವಿನೀತನು 'ವಡ್ಡಕಥೆ'ಯನ್ನು, ಎಂದರೆ ಗುಣಾಢ್ಯನ ಬೃಹತ್ಕಥೆಯನ್ನು, ದೇವಭಾರತಿಯಾದ ಸಂಸ್ಕೃತದಲ್ಲಿ ರಚಿಸಿದನೆಂದು ಗುಮ್ಮರೆಡ್ಡಿಪುರದ ತಾಮ್ರಶಾಸನವು ಹೇಳುವುದು. ಕವಿರಾಜಮಾರ್ಗದಲ್ಲಿ ಹೆಸರಿಸಲ್ಪಟ್ಟ ಕನ್ನಡ ಗದ್ಯಕಾರರಲ್ಲಿಯೂ ದುರ್ವಿನೀತನುಂಟು. ಸೋಮದೇವನು ತನ್ನ ಕಾವ್ಯಕ್ಕೆ ಬೃಹತ್ಕಥೆಯನ್ನೇ ಆಧಾರವೆಂದು ಹೇಳಿರುವುದರಿಂದ, ಸೋಮದೇವನಿಗೆ ಐದು ಶತಮಾನಗಳ ಹಿಂದೆಯೇ ತಲಕಾಡಿನಲ್ಲಿ ಬೇತಾಳವು ಮಾತಾಡಿತೆಂದು ಊಹಿಸುವುದು ಸುಲಭ.

ಆದರೆ ಊಹೆಯ ಸುಲಭತೆಯು ಪ್ರಮಾಣವಾಗಲಾರದು. ದುರ್ವಿನೀತನ ಕೃತಿಯು ನಷ್ಟವಾಗಿರುವುದು. ಬೃಹತ್ಕಥೆಯಿಂದ ಇಳಿದು ಉಳಿದಿರುವ ಇತರ ಕೃತಿಗಳಾದ ಬುಧಸ್ವಾಮಿಯ ಶ್ಲೋಕಸಂಗ್ರಹದಲ್ಲಾಗಲಿ, ಜೈನರ ಪ್ರಾಕೃತ ವಸುದೇವಹಿಂಡಿಯಲ್ಲಾಗಲಿ, ಈ ಇಪ್ಪತ್ತೈದು ಕಥೆಗಳ ಮಾಲೆಯಿಲ್ಲ. ಕ್ಷೇಮೇಂದ್ರನ ಬೃಹತ್ಕಥಾಮಂಜರಿ, ಸೋಮದೇವನ ಕಥಾಸರಿತ್ಸಾಗರ ಎಂಬ ಎರಡು ಕಾಶ್ಮೀರ ಗ್ರಂಥಗಳಲ್ಲಿ ಮಾತ್ರವೇ ಅದು ಕಾಣುವುದು. ಆದಕಾರಣ ಸ್ವತಂತ್ರವಾಗಿದ್ದ ಕಥಾಮಾಲೆಯೊಂದು ಕಾಶ್ಮೀರದ ಪಾಠದೊಳಕ್ಕೆ ಸೇರಿತೆಂಬುದೇ ವಿದ್ವಾಂಸರ ಅಭಿಪ್ರಾಯ. ತಲಕಾಡಿಗೆ ಸಲ್ಲತಕ್ಕ ಗೌರವವು ಬೃಹತ್ಕಥೆಯ ಗೌರವ. ಬೇತಾಳದ ಗೌರವವನ್ನು ಅದರ ಮೇಲೆ ಹೇರತಕ್ಕುದಿಲ್ಲ.

ಕನ್ನಡ ಕವಿಗಳು ರಕ್ತಪಾನಮಾಡುವ ಭೂತಗಳನ್ನು ವರ್ಣಿಸಲೇ ಇಲ್ಲವೆಂದು ಇದರಿಂದ ತಿಳಿಯಬಾರದು. ರಣರಂಗವರ್ಣನೆಯಲ್ಲಿ ಅವು ನಿಯತವಾಗಿ ಬರುವುವು. ಇವುಗಳಲ್ಲಿ ಶ್ರೇಷ್ಠವಾದುದು ರನ್ನನ ಗದಾಯುದ್ಧದ ಸನ್ನಿವೇಶ. ತನ್ನವರೆಲ್ಲ ಮಡಿದ ಮೇಲೆ ದುರ್ಯೋಧನನು ಸಂಜಯನೊಡನೆ ಹೆಣಗಳ ನಡುವೆ ನಡೆದು ಹೋಗುವನು. ಅಲ್ಲಿ ರಕ್ತವನ್ನು ಕುಡಿದು ಕೊಬ್ಬಿದ ಮರುಳುಗಳು. 'ಮರುಳ್' ಎಂಬ ಶಬ್ದಕ್ಕೆ ಪಿಶಾಚವೆಂದೂ ಬುದ್ಧಿಭ್ರಮೆಯೆಂದೂ ಎರಡರ್ಥ. ಆ ಶ್ಲೇಷೆಯನ್ನೇ ಹಿಡಿದು, ಇಷ್ಟು ಹೆಣಗಳಿಗೆ ಕಾರಣನಾದ ನೀನು ಮರುಳೋ ತಾನು ಮರುಳೋ ಎಂಬ ಭಾವದಿಂದ ಆ ಪಿಶಾಚವು ಚಕ್ರವರ್ತಿಯನ್ನು ಹಂಗಿಸುವುದು. ರಕ್ತವನ್ನು ಕುಡಿಯುವ ಭೂತವೂ ಕನ್ನಡದಲ್ಲಿ ಕಡೆಗೆ ಮಾಡಿದ ಕೆಲಸವು ಪ್ರಶ್ನಿಸುವುದೇ. ಬೇತಾಳಕ್ಕೂ ರನ್ನನ ಮರುಳಿಗೂ ಗ್ರಂಥಸಂಬಂಧವಿಲ್ಲದಿದ್ದರೂ ಗುಣಸಂಬಂಧವುಂಟು: ಎರಡೂ ಅರಸನ ಮುಂದೆ ನಿಂತು ಅವನ ವಿವೇಕವನ್ನು ಪರೀಕ್ಷಿಸುವುವು.

ಹಾಗಾದರೆ ಬೇತಾಳಕ್ಕೆ ರಕ್ತಪಾಯಿಯೆಂಬ ಹೆಸರು ಬಂದುದು ಹೇಗೆ? ೧೮೩೧ರಲ್ಲಿ ಬ್ಯಾಬಿಂಗ್‌ಟನ್ ಎಂಬಾತನು ಈ ಕಥೆಗಳನ್ನು ತಮಿಳಿನಿಂದ ಆಂಗ್ಲಭಾಷೆಗೆ ತಿರುಗಿಸಿದಾಗ ತಮಿಳಿನ 'ವೇದಾಳ ಕದೈ' ಎಂಬ ಹೆಸರನ್ನೇ ಉಳಿಸಿಕೊಂಡನು. ಹಿಂದಿಯ 'ಬೈತಾಲ್ ಪಚೀಸೀ'ಯು ೧೮೦೫ರ ಸುಮಾರಿಗೆ ಕಲಕತ್ತೆಯ ಫೋರ್ಟ್ ವಿಲಿಯಂ ಕಾಲೇಜಿನ ಪಠ್ಯವಾಗಿ ಸಿದ್ಧವಾಗಿದ್ದಿತು. ಕಂಪೆನಿಯ ನೌಕರರು ಭಾಷಾಪರೀಕ್ಷೆಗಾಗಿ ಅದನ್ನು ಓದುತ್ತಿದ್ದರು. ಇದನ್ನು ಬಲ್ಲ ರಿಚರ್ಡ್ ಬರ್ಟನನು ಹನ್ನೊಂದು ಕಥೆಗಳನ್ನು ಆರಿಸಿ, ಸ್ವಚ್ಛಂದವಾಗಿ ಹಿಗ್ಗಿಸಿ, ೧೮೭೦ರಲ್ಲಿ 'ವಿಕ್ರಮನೂ ವ್ಯಾಂಪೈರನೂ' ಎಂಬರ್ಥದ ಹೆಸರಿನಿಂದ ಪ್ರಕಟಿಸಿದನು. ತಲೆಕೆಳಗಾಗಿ ತೂಗುವ ತಣ್ಣನೆಯ ದೇಹ, ಆಡಿನಂಥ ಬಾಲ ಮುಂತಾದ ವಿವರಗಳನ್ನು ಅವನು ಸೇರಿಸಿದನು. ಅವನ ಮರಣಾನಂತರ ೧೮೯೩ರಲ್ಲಿ ಬಂದ ಆವೃತ್ತಿಯ ಪೀಠಿಕೆಯಲ್ಲಿ ಪತ್ನಿ ಇಸಬೆಲಳು ಬೇತಾಳವನ್ನು ದೊಡ್ಡ ಬಾವಲಿಯೆಂದೇ ಪರಿಚಯಿಸಿದಳು. ಹೀಗೆ ಆಂಗ್ಲ ವಾಚಕರಿಗೆ ಪರಿಚಿತವಾಗಿದ್ದ ಶಬ್ದವೊಂದು ಬೇತಾಳದ ಮೇಲೆ ಕೂತಿತು. ಭಾಷಾಂತರಕಾರನ ಈ ಒಂದು ಪದದ ಮೇಲೆಯೇ ಮುಂದಿನ ವಂಶವೃಕ್ಷವೆಲ್ಲ ನಿಂತಿರುವುದು.

ಆ ಶಬ್ದವಾದರೋ ಆಗಲೇ ಸ್ವಂತ ಚರಿತ್ರೆಯನ್ನು ಪಡೆದಿದ್ದಿತು. ೧೭೨೫ರಲ್ಲಿ ಆಸ್ಟ್ರಿಯದ ಆಳ್ವಿಕೆಯಲ್ಲಿದ್ದ ಸರ್ಬಿಯದ ಕಿಸಿಲೋವ ಗ್ರಾಮದಲ್ಲಿ, ಸತ್ತು ಹೂಳಲ್ಪಟ್ಟ ರೈತನೊಬ್ಬನು ಎದ್ದುಬಂದು ಜನರನ್ನು ಕೊಲ್ಲುವನೆಂದು ಗುಲ್ಲಾಗಿ, ಗೋರಿಯನ್ನು ತೆಗೆಸಿದ ವರದಿಯು ವಿಯೆನ್ನದ ಪತ್ರಿಕೆಯಲ್ಲಿ ಅಚ್ಚಾಯಿತು. ೧೭೩೨ರ ಜನವರಿಯಲ್ಲಿ ಫ್ಲೂಕಿಂಗರ್ ಎಂಬ ಸೇನಾವೈದ್ಯನು ಮೆದ್ವೆಜ ಗ್ರಾಮದ ಗೋರಿಗಳನ್ನು ಪರೀಕ್ಷಿಸಿ ಬರೆದ ವರದಿಯು ಯೂರೋಪಿನ ತುಂಬ ಹಬ್ಬಿ, ಅದೇ ವರುಷ ಲಂಡನ್ನಿನ ಪತ್ರಿಕೆಗಳಿಗೂ ಆ ಹೊಸ ಶಬ್ದವನ್ನು ತಂದಿತು. ಹೆಣವು ಉಬ್ಬುವುದು, ಬಾಯಲ್ಲಿ ಕೆಂಪು ದ್ರವ ಕಾಣುವುದು, ಚರ್ಮ ಸುಲಿದು ಕೆಳಗೆ ಹೊಸ ಚರ್ಮದಂತೆ ತೋರುವುದು ಇವೆಲ್ಲ ಶವವು ಕೊಳೆಯುವಾಗಿನ ಸಹಜ ವಿಕಾರಗಳು. ಸಾಂಕ್ರಾಮಿಕ ರೋಗದ ಹೆದರಿಕೆಯಲ್ಲಿ ಇವು ಪ್ರೇತಲಕ್ಷಣಗಳಾಗಿ ತೋರಿದವು. ೧೭೫೫ರಲ್ಲಿ ರಾಣಿ ಮರಿಯ ತೆರೇಸಳು ತನ್ನ ಆಸ್ಥಾನವೈದ್ಯನ ಸಲಹೆಯಂತೆ ಗೋರಿ ಅಗೆಯುವ ಈ ಪದ್ಧತಿಯನ್ನು ನಿಷೇಧಿಸಿದಳು. ಹೆಣವನ್ನು ಹೂಳುವ ದೇಶದಲ್ಲಿ, ಗೋರಿಯ ಸುತ್ತ, ಸರಕಾರಿ ಕಾಗದದ ಮೂಲಕ ಹುಟ್ಟಿದ ಪ್ರೇತವಿದು. ಶ್ಮಶಾನದ ಮರದಲ್ಲಿ ತೂಗುತ್ತ ಕಥೆಹೇಳುವ ಬೇತಾಳದ ಹುಟ್ಟು ಬೇರೆ.

ಈ ಪ್ರೇತವು ಗೋರಿಯಿಂದ ಕಾದಂಬರಿಗೆ ಬಂದ ದಾರಿಯನ್ನು ನೋಡಿದರೆ, ಲೇಖಕರ ದಿನಚರಿಯು ಅದನ್ನು ರೂಪಿಸಿದ ಬಗೆ ಸ್ಪಷ್ಟವಾಗುವುದು. ೧೮೧೬ರ ಬೇಸಗೆಯಲ್ಲಿ ಜಿನೀವ ಸರೋವರದ ದಡದಲ್ಲಿ ಕವಿ ಬೈರನ್ನನ ಬಳಿ ಖಾಸಗಿ ವೈದ್ಯನಾಗಿದ್ದ ಪೊಲಿಡೋರಿಯು, ಒಡೆಯನ ಬೀಡಿನಲ್ಲಿದ್ದು, ಅವನ ತೇಜಸ್ಸನ್ನೂ ತಾತ್ಸಾರವನ್ನೂ ದಿನವೂ ಅನುಭವಿಸಿದವನು. ಅವನು ಬರೆದ ಕಥೆಯಲ್ಲಿ ರಕ್ತಪಾಯಿಯು ಮೊದಲಬಾರಿಗೆ ಹಳ್ಳಿಯ ಹೆಣವಾಗಿರದೆ ಕುಲೀನನಾದ, ಮೋಹಕನಾದ ಪ್ರಭುವಾದನು. ೧೮೧೯ರ ಏಪ್ರಿಲಿನಲ್ಲಿ ಅದು ಅಚ್ಚಾದಾಗ ಬೈರನ್ನನ ಹೆಸರನ್ನೇ ಹೊತ್ತು ಬಂದಿತೆಂಬುದು ಸೇವಕನ ಪಾಡಿಗೆ ಕನ್ನಡಿ. ಡಬ್ಲಿನ್ನಿನ ಶೆರಿಡನ್ ಲೆಫಾನುವು ೧೮೫೮ರಲ್ಲಿ ಪತ್ನಿಯನ್ನು ಕಳೆದುಕೊಂಡ ಮೇಲೆ ಸಮಾಜದಿಂದ ಹಿಂದೆಗೆದು ಏಕಾಂತವನ್ನು ಸೇರಿದನು. ರಾತ್ರಿಯಲ್ಲಿ ಹಾಸಿಗೆಯಲ್ಲಿಯೇ ಮೇಣದ ಬತ್ತಿಯ ಬೆಳಕಿನಲ್ಲಿ ಬರೆಯುತ್ತಿದ್ದನೆಂದು ಅವನ ಮಗನು ನೆನೆದಿರುವನು. ಆ ಏಕಾಂತದಲ್ಲಿ 'ಕಾರ್ಮಿಲ' ಹುಟ್ಟಿ ೧೮೭೧-೭೨ರಲ್ಲಿ ಪ್ರಕಟವಾಯಿತು. ಅದರಲ್ಲಿ ಪ್ರೇತವು ಒಂಟಿಮನೆಯ ಶಯ್ಯಾಗೃಹಕ್ಕೆ ಸ್ನೇಹಿತೆಯ ರೂಪದಿಂದ ಬರುವುದು.

ಲೆಫಾನುವು ಪಾಲುದಾರನಾಗಿದ್ದ ಡಬ್ಲಿನ್ನಿನ ಪತ್ರಿಕೆಯಲ್ಲಿ ೧೮೭೧ರಿಂದ ಸಂಬಳವಿಲ್ಲದೆ ನಾಟಕವಿಮರ್ಶೆಗಳನ್ನು ಬರೆದ ತರುಣನೇ ಸ್ಟೋಕರನು. ಹಗಲು ಸರಕಾರಿ ಕಚೇರಿಯ ಗುಮಾಸ್ತೆ, ಸಂಜೆ ನಾಟಕಶಾಲೆ. ಐರ್ಲೆಂಡಿನ ಕೆಳಗಣ ನ್ಯಾಯಸ್ಥಾನಗಳ ಗುಮಾಸ್ತರ ಕರ್ತವ್ಯಗಳನ್ನು ಕುರಿತು ಅವನು ೧೮೭೯ರಲ್ಲಿ ಒಂದು ಕೈಪಿಡಿಯನ್ನೂ ಪ್ರಕಟಿಸಿದನು. ೧೮೭೮ರ ಕೊನೆಯಲ್ಲಿ ಪ್ರಖ್ಯಾತ ನಟ ಹೆನ್ರಿ ಇರ್ವಿಂಗನ ಕರೆಯಂತೆ ಲಂಡನ್ನಿನ ಲೈಸಿಯಂ ನಾಟಕಶಾಲೆಯ ವ್ಯವಸ್ಥಾಪಕನಾದನು. ಲೆಕ್ಕಪತ್ರ, ಆಸನಗಳ ಮಾರಾಟ, ಅತಿಥಿಸತ್ಕಾರ, ನಡುರಾತ್ರಿಯ ಭೋಜನಕೂಟ, ಅಮೆರಿಕದ ಯಾತ್ರೆಗಳಲ್ಲಿ ಪರದೆ ಪೆಟ್ಟಿಗೆಗಳ ಸಾಗಾಟ ಇವೆಲ್ಲವೂ ಅವನ ಹೊಣೆ. ಒಡೆಯನ ಪರವಾಗಿ ತಾನು ಬರೆದ ಕಾಗದಗಳು ಐದು ಲಕ್ಷದಷ್ಟಾದುವೆಂದು ಅವನೇ ಅಂದಾಜು ಮಾಡಿರುವನು.

ಇಂಥವನಿಗೆ ಕಾದಂಬರಿ ಬರೆಯಲು ಉಳಿದ ಕಾಲವು ರಜೆಯ ದಿನಗಳು ಮಾತ್ರ. ಆದುದರಿಂದಲೇ 'ಡ್ರಾಕುಲ'ಕ್ಕೆ ಏಳು ವರುಷ ಹಿಡಿಯಿತು. ಫಿಲಡೆಲ್ಫಿಯದ ರೋಸೆನ್‌ಬಾಕ್ ವಸ್ತುಸಂಗ್ರಹದಲ್ಲಿರುವ ಅವನ ಟಿಪ್ಪಣಿಗಳಲ್ಲಿ ೧೮೯೦ರ ಮಾರ್ಚಿ ೮ನೆಯ ತಾರೀಖನ್ನು ಹೊತ್ತ ಹಾಳೆಯುಂಟು. ಅದೇ ಬೇಸಗೆಯಲ್ಲಿ ವಿಟ್‌ಬಿ ಎಂಬ ಕಡಲೂರಿನಲ್ಲಿ ವಿಶ್ರಮಿಸುತ್ತ, ಅಲ್ಲಿಯ ಪುಸ್ತಕಭಂಡಾರದಲ್ಲಿದ್ದ ವಿಲ್ಕಿನ್ಸನ್ನನ ೧೮೨೦ರ ವಲಾಕಿಯವರ್ಣನೆಯಿಂದ 'ಡ್ರಾಕುಲ' ಎಂಬ ಹೆಸರನ್ನು ಬರೆದುಕೊಂಡನು. ಅದಕ್ಕೆ ಮೊದಲು ನಾಯಕನಿಗೆ ಇಟ್ಟಿದ್ದ ಹೆಸರು 'ವ್ಯಾಂಪಿರ್' ಎಂದೇ. ಟ್ರಾನ್ಸಿಲ್ವೇನಿಯದ ನಂಬಿಕೆಗಳಿಗೆ ಎಮಿಲಿ ಜೆರಾರ್ಡಳ ೧೮೮೫ರ ಲೇಖನವು ಆಧಾರವಾಯಿತು. ಇವನ್ನೆಲ್ಲ ಸೇರಿಸಿದ ಕ್ರಮವು ಕಚೇರಿಯ ಕ್ರಮ. ಕಾದಂಬರಿಯಲ್ಲಿ ಕಥೆಹೇಳುವವನು ಒಬ್ಬನಿಲ್ಲ. ದಿನಚರಿಗಳು, ಕಾಗದಗಳು, ತಂತಿಗಳು, ಪತ್ರಿಕೆಯ ತುಣುಕುಗಳು, ಧ್ವನಿಮುದ್ರಣದ ಪ್ರತಿಗಳು ಇವೇ ಕಥೆ. ಪ್ರೇತಪ್ರಭುವು ಲಂಡನ್ನಿಗೆ ಬರುವುದು ಐವತ್ತು ಮಣ್ಣಿನ ಪೆಟ್ಟಿಗೆಗಳೊಡನೆ, ಸಾಗಾಟದ ರಸೀತಿಗಳ ಮೂಲಕ. ಅವನನ್ನು ಬೆನ್ನಟ್ಟುವವರು ಮೊದಲು ಮಾಡುವ ಕೆಲಸವೂ ಕಾಗದಗಳನ್ನು ಬೆರಳಚ್ಚುಮಾಡಿ ತಾರೀಖಿನಂತೆ ಜೋಡಿಸುವುದೇ. ಒಡೆಯನೊಬ್ಬನ ಸೇವೆಯಲ್ಲಿ ತನ್ನ ಆಯುಸ್ಸನ್ನು ಸವೆಸುತ್ತಿದ್ದವನೊಬ್ಬನು ಅನ್ಯರ ಆಯುಸ್ಸನ್ನು ಹೀರುವ ಪ್ರಭುವನ್ನು ಕಲ್ಪಿಸಿದನೆಂಬುದನ್ನೂ, ಡ್ರಾಕುಲನ ಹಾವಭಾವಗಳಲ್ಲಿ ಇರ್ವಿಂಗನ ಛಾಯೆಯುಂಟೆಂಬುದನ್ನೂ ಅನೇಕ ವಿಮರ್ಶಕರು ಸೂಚಿಸಿರುವರು.

ಇಲ್ಲಿ ಬೇತಾಳಪಕ್ಷದವರು ಎತ್ತಬಹುದಾದ ಪ್ರಬಲವಾದ ಆಕ್ಷೇಪವೊಂದುಂಟು. ಸ್ಟೋಕರನಿಗೆ ಬರ್ಟನನ ಪರಿಚಯವಿದ್ದಿತು. ೧೮೭೮ರ ಆಗಸ್ಟಿನಲ್ಲಿ ಡಬ್ಲಿನ್ನಿನಲ್ಲಿ ರೈಲಿನಲ್ಲಿ ಅವನನ್ನು ಮೊದಲು ಕಂಡುದನ್ನೂ, ಮುಂದೆ ಲಂಡನ್ನಿನ ಭೋಜನಕೂಟಗಳಲ್ಲಿ ಅವನ ಮಾತುಗಳನ್ನು ಆಲಿಸಿದುದನ್ನೂ, ಮಾತಾಡುವಾಗ ಮೇಲುತುಟಿ ಸರಿದು ಅವನ ಕೋರೆಹಲ್ಲು ಕಠಾರಿಯಂತೆ ಹೊಳೆದುದನ್ನೂ ಸ್ಟೋಕರನು ೧೯೦೬ರಲ್ಲಿ ಪ್ರಕಟಿಸಿದ ಇರ್ವಿಂಗನ ಸ್ಮರಣಗ್ರಂಥದಲ್ಲಿ ವರ್ಣಿಸಿರುವನು. ಆದರೆ ಇದರಿಂದ ಸಿದ್ಧವಾಗುವುದೇನು? ಡ್ರಾಕುಲನ ಕೋರೆಹಲ್ಲಿಗೆ ಬರ್ಟನನ ಮುಖವು ಒಂದು ಗೆರೆಯನ್ನು ಕೊಟ್ಟಿರಬಹುದೆಂಬಷ್ಟೆ. ತಾನು ಓದಿದ ಗ್ರಂಥಗಳನ್ನು ಎಚ್ಚರಿಕೆಯಿಂದ ಪಟ್ಟಿಮಾಡುತ್ತಿದ್ದ ಸ್ಟೋಕರನ ಟಿಪ್ಪಣಿಗಳಲ್ಲಿ ಬರ್ಟನನ ಬೇತಾಳಗ್ರಂಥದ ಹೆಸರಿಲ್ಲ. ಬೇತಾಳದ ಪ್ರಶ್ನೆ, ಅರಸನ ಉತ್ತರ, ಮೌನದ ಗೆಲುವು ಇವುಗಳ ಸುಳಿವು ಕಾದಂಬರಿಯಲ್ಲೆಲ್ಲಿಯೂ ಕಾಣದು.

ಆ ಕಾಲಕ್ಕೆ ಸಮೀಪದಲ್ಲಿಯೇ ಕಪಿಲಾತೀರದಲ್ಲಿಯೂ ಕಾದಂಬರಿಯು ಹುಟ್ಟಿತು. ೧೮೮೭ರಲ್ಲಿ ನಂಜನಗೂಡಿನಲ್ಲಿ ಜನಿಸಿದ ತಿರುಮಲಾಂಬಾ ಅವರಿಗೆ ಹತ್ತನೆಯ ವಯಸ್ಸಿನಲ್ಲಿ ವಿವಾಹ, ಹದಿನಾಲ್ಕನೆಯ ವಯಸ್ಸಿನಲ್ಲಿ ವೈಧವ್ಯ. ವಕೀಲರಾಗಿದ್ದ ತಂದೆಯವರ ಪ್ರೋತ್ಸಾಹದಿಂದ ಮನೆಯಲ್ಲಿಯೇ ವ್ಯಾಸಂಗಮಾಡಿ, ೧೯೧೩ರಲ್ಲಿ 'ಸತೀ ಹಿತೈಷಿಣೀ' ಗ್ರಂಥಮಾಲೆಯನ್ನು ತೊಡಗಿ, 'ಸುಶೀಲೆ' ಮೊದಲಾದ ಕಾದಂಬರಿಗಳನ್ನು ಅದರಲ್ಲಿ ಹೊರತಂದು, 'ಕರ್ನಾಟಕ ನಂದಿನಿ' ಎಂಬ ಮಾಸಪತ್ರಿಕೆಯನ್ನೂ ನಡಸಿದರು. ಬರೆಯುವುದು, ಅಚ್ಚಿಗೆ ಕೊಡುವುದು, ಹಂಚುವುದು ಎಲ್ಲವೂ ಅವರದೇ. ಬೇತಾಳದ ಕಥೆಗಳನ್ನು ಕೇಳಿ ಬೆಳೆದ ನಾಡಿನಲ್ಲಿ ಅವರು ಕಾದಂಬರಿಗೆ ಬೇತಾಳವನ್ನು ಕರೆಯಲಿಲ್ಲ. ಸ್ತ್ರೀವಿದ್ಯೆ, ದಾಂಪತ್ಯ, ಸಂಸಾರ ಇವನ್ನು ವಸ್ತುವಾಗಿ ಮಾಡಿಕೊಂಡರು. ಸ್ಟೋಕರನ ಕಾದಂಬರಿಗೆ ಕಚೇರಿಯ ಕಾಗದವು ರೂಪಕೊಟ್ಟಂತೆ ತಿರುಮಲಾಂಬಾ ಅವರ ಕಾದಂಬರಿಗೆ ಮನೆಯೊಳಗಣ ಬಾಳು ರೂಪಕೊಟ್ಟಿತು. ಕಾದಂಬರಿಯ ಮೂಲವನ್ನು ಪ್ರಾಚೀನ ನಾಮಸಾದೃಶ್ಯದಲ್ಲಿ ಹುಡುಕುವುದಕ್ಕಿಂತ ಬರೆದವರ ದಿನಗಳಲ್ಲಿ ಹುಡುಕುವುದು ಮೇಲೆಂಬುದಕ್ಕೆ ಇದು ಇನ್ನೊಂದು ನಿದರ್ಶನ.

ಹೀಗೆ ವಿಚಾರಿಸಿದರೆ ಬೇತಾಳಕ್ಕೆ ನಷ್ಟವೇನೂ ಇಲ್ಲ. ಡ್ರಾಕುಲನ ಪೂರ್ವಜನೆಂಬ ಬಿರುದು ಹೋದರೂ, ಧರ್ಮವನ್ನು ಪ್ರಶ್ನಿಸುವ ಭೂತವೆಂಬ ಅದರ ಸ್ವಂತ ಪದವಿಯು ಮರಳಿ ಬರುವುದು. ಇನ್ನು ರಕ್ತದ ಮಾತೇ ಬೇಕೆಂಬವರಿಗೆ ಕಥಾಸರಿತ್ಸಾಗರದ ಆರಂಭದಲ್ಲಿಯೇ ಒಂದು ವೃತ್ತಾಂತವುಂಟು. ಗುಣಾಢ್ಯನು ಕಾಡಿನಲ್ಲಿ ಮಸಿ ದೊರೆಯದೆ, ಏಳು ಲಕ್ಷ ಶ್ಲೋಕಗಳ ಬೃಹತ್ಕಥೆಯನ್ನು ಪೈಶಾಚೀ ಭಾಷೆಯಲ್ಲಿ, ತನ್ನ ರಕ್ತದಿಂದಲೇ, ಏಳು ವರುಷ ಬರೆದನು. ಪಿಶಾಚರ ಭಾಷೆಯೆಂದೂ ರಕ್ತದ ಬರಹವೆಂದೂ ಸಾತವಾಹನನು ಅದನ್ನು ತಿರಸ್ಕರಿಸಲು, ಕವಿಯು ಮೃಗಪಕ್ಷಿಗಳಿಗೆ ಓದಿಹೇಳುತ್ತ ಒಂದೊಂದೇ ಎಲೆಯನ್ನು ಬೆಂಕಿಗೆ ಹಾಕಿದನು. ಉಳಿದುದು ಒಂದು ಲಕ್ಷ. ಕಾಲದ ಎಣಿಕೆಯಲ್ಲಿ ಲಂಡನ್ನಿನ ಗುಮಾಸ್ತೆಗೂ ಗೋದಾವರೀತೀರದ ಕವಿಗೂ ಸಾಮ್ಯವಿರುವುದು ಆಕಸ್ಮಿಕ. ಆದರೆ ಭೇದವು ಮುಖ್ಯವಾದುದು: ಆ ಕಾದಂಬರಿಯಲ್ಲಿ ಪ್ರೇತವು ಮನುಷ್ಯರ ರಕ್ತವನ್ನು ಪಡೆದು ಬಾಳುವುದು, ಈ ವೃತ್ತಾಂತದಲ್ಲಿ ಕಥೆಯು ಕವಿಯ ರಕ್ತವನ್ನು ಪಡೆದು ಬಾಳುವುದು. ಬೃಹತ್ಕಥೆಯ ಪರಂಪರೆಯನ್ನು ತಲಕಾಡಿನ ಅರಸನೊಬ್ಬನು ಕೈಗೆತ್ತಿಕೊಂಡನೆಂದು ಶಾಸನವು ಸಾರುತ್ತಿರುವಾಗ, ಈ ಸೀಮೆಯ ವಿದ್ಯಾರ್ಥಿಗಳಿಗೆ ಹೇಳಿಕೊಡತಕ್ಕುದು ಆ ರಕ್ತದ ಚರಿತ್ರೆಯನ್ನೇ.